ತಂತಿಗೆ ಪೋಣಿಸಿದ ಕಾಗದಗಳು

ನಮ್ಮೂರ ಧಣಿಯ ವಾಡೆಯ ಪಡಸಾಲೆಯಲ್ಲಿ, ನಡುತೊಲೆಗೆ, ಒಂದು ಕಬ್ಬಿಣದ ತಂತಿ ತೂಗುತ್ತಿತ್ತು. ಅದರ ಕೆಳತುದಿಗೆ ಅಂಗೈಯಗಲದ ಮರದ ಬಿಲ್ಲೆ. ಮೇಲ್ತುದಿ ಕೊಕ್ಕೆಯಂತೆ ಬಾಗಿ ಸೂಜಿಯಷ್ಟು ಚೂಪಾಗಿತ್ತು. ಊರಿಗೆ ಬಂದ ಪ್ರತಿಯೊಂದು ಕಾಗದವೂ, ಯಾರ ಹೆಸರಿಗೇ ಬಂದಿರಲಿ, ಮೊದಲು ವಾಡೆಗೆ ಹೋಗಬೇಕು. ಅಲ್ಲಿ ಎಲ್ಲರೆದುರು ಅದನ್ನು ಓದಬೇಕು. ಓದಿಯಾದ ಮೇಲೆ ಆ ಮೊನೆಗೆ ಚುಚ್ಚಿ ತಂತಿಗೆ ಇಳಿಸಬೇಕು. ಓದುತ್ತಿದ್ದವರು ನನ್ನ ಅಜ್ಜ, ಅಪ್ಪನ ಅಪ್ಪ. ಪೋಣಿಸುತ್ತಿದ್ದವರೂ ಅವರೇ. ಅವರಲ್ಲದೆ ಬೇರೆ ಯಾರೂ ಆ ತಂತಿಯನ್ನು ಮುಟ್ಟುವಂತಿರಲಿಲ್ಲ.

ಆ ತಂತಿ ಎಷ್ಟು ಉದ್ದವಿತ್ತು? ನನ್ನ ನೆನಪಿನಲ್ಲಿ ಅದು ಆಳೆತ್ತರವಿದೆ. ಅಷ್ಟು ಇದ್ದಿರಲಾರದು. ನನ್ನ ಬಳಿ ಆ ಕಾಲದ ಒಂದು ದಿನಚರಿ ಇದೆ. ಸಿಂಧನೂರಿನ ಸೋದರಮಾವ ಕೊಡಿಸಿದ ಗೆರೆ ಹಾಕಿದ ಪುಸ್ತಕ, ಹನ್ನೆರಡು ವರ್ಷದ ಹುಡುಗಿಯ ಬರಹ. ಅದರಲ್ಲಿ ತಂತಿಯ ಮಾತೇ ಇಲ್ಲ. ದಿನಾ ಕಣ್ಣಿಗೆ ಬೀಳುವುದನ್ನು ಯಾರು ಬರೆದಿಡುತ್ತಾರೆ? ‘ಇವತ್ತು ಬಿಸಿಲು. ಅಕ್ಕ ಐದು ಅಕ್ಷರ ಕಲಿತಳು. ಮಂಡಾಳ ಒಗ್ಗರಣೆ.’ ಇಷ್ಟೇ ಇರುತ್ತದೆ ಒಂದೊಂದು ದಿನಕ್ಕೆ. ಉಳಿದದ್ದನ್ನು ನಾನು ಇಷ್ಟು ವರ್ಷ ಬೇರೆಯವರಿಗೆ ಹೇಳಿ ಹೇಳಿ ಬೆಳೆಸಿದ್ದೇನೆ. ಹಾಗಾಗಿ ಈಗ ಬರೆಯುವಾಗ ಎಲ್ಲಿ ದಿನಚರಿ ಮುಗಿದು ಎಲ್ಲಿ ನನ್ನ ಕೈಚಳಕ ಶುರುವಾಗುತ್ತದೆ ಎಂಬುದನ್ನು ಆದಷ್ಟು ಹೇಳುತ್ತ ಹೋಗುತ್ತೇನೆ.

ಮುಂದೆ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ, ಮಧ್ಯಯುಗದ ಊಳಿಗಮಾನ್ಯ ಸಮಾಜ ಕ್ರಮೇಣ ಅಳಿದು ಹೊಸ ಸಾಂಸ್ಕೃತಿಕ ಯುಗ ಮೂಡಿತು ಎಂದು ಪರೀಕ್ಷೆಗೆ ಬರೆದು ಒಳ್ಳೆಯ ಅಂಕ ಪಡೆದೆ. ‘ಕ್ರಮೇಣ’ ಎಂದು ಬರೆಯುವಾಗ ಮಾತ್ರ ಕೈ ತಡವರಿಸುತ್ತಿತ್ತು. ನಾನು ಕಂಡದ್ದು ಒಂದು ಬೇಸಿಗೆ.

ನಿಜಾಮರ ಆಡಳಿತದ ಕೊನೆಯ ವರ್ಷಗಳು. ನಮ್ಮೂರು ಮಸ್ಕಿಗೂ ಲಿಂಗಸುಗೂರಿಗೂ ನಡುವೆ, ಎರೆಹೊಲಗಳ ಮಧ್ಯೆ ಇತ್ತು. ಸರ್ಕಾರ ಎಂದರೆ ದೂರದ ಮಾತು. ನಮಗೆ ಸರ್ಕಾರ ಎಂದರೆ ವಾಡೆ. ವಾಡೆಯ ಧಣಿ ಹೂಡಿದ ಮೇಲೆ ಊರು ಹೂಡಬೇಕು, ಧಣಿ ಉಂಡು ಎದ್ದ ಮೇಲೆ ಪಂಚಾಯಿತಿ ಕೂಡಬೇಕು. ಒಂದೊಂದು ಮನೆತನಕ್ಕೆ ವಾಡೆಯ ಒಂದೊಂದು ಚಾಕರಿ ಹುಟ್ಟಿನಿಂದಲೇ ಬಂದಿತ್ತು. ಒಬ್ಬರದು ಪಂಜು, ಒಬ್ಬರದು ಕುದುರೆಯ ಹುಲ್ಲು. ನಮ್ಮದು ಕಾಗದ.

ನಮ್ಮ ಹಿತ್ತಲಿಗೆ ಹೊಂದಿಕೊಂಡಿದ್ದ ಮನೆಯವರದು ನೀರು. ಅವರಿಗೆ ಅದಕ್ಕಾಗಿ ಒಂದು ತುಂಡು ಉಂಬಳಿ ಹೊಲವಿತ್ತು. ಆ ಮನೆಯ ಸೊಸೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಅವಳ ಗಂಡ ಒಂದು ದಿನ ಕೊಡ, ಸಿಂಬಿ ಎರಡನ್ನೂ ಬಾವಿಯ ಕಟ್ಟೆಯ ಮೇಲಿಟ್ಟು ಸೊಲ್ಲಾಪುರದ ಗಿರಣಿಗೆ ಓಡಿಹೋಗಿದ್ದ. ತಿರುಗಿ ಬಂದರೆ ವಾಡೆ ಅವನನ್ನು ಬಿಡುತ್ತಿರಲಿಲ್ಲ. ಅವನ ಪಾಲಿನ ನೀರನ್ನು ಅಕ್ಕ ಹೊರುತ್ತಿದ್ದಳು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಬಾವಿಗೂ ವಾಡೆಗೂ ಅವಳ ಹೆಜ್ಜೆಯಿಂದಲೇ ಒಂದು ದಾರಿ ಬಿದ್ದಿತ್ತು.

ಧಣಿಯ ಬಗ್ಗೆ ಒಂದು ಮಾತು. ಅವರಿಗೆ ಊರಿನ ಪ್ರತಿ ಮಗುವಿನ ಹೆಸರು ಗೊತ್ತಿತ್ತು. ನನ್ನ ಅತ್ತೆಗೆ ಹೆರಿಗೆ ಕಷ್ಟವಾದಾಗ ತಮ್ಮ ಕಮಾನು ಬಂಡಿಯನ್ನೇ ಲಿಂಗಸುಗೂರಿಗೆ ಹೊಡೆಸಿದ್ದರು. ನನ್ನನ್ನು ತೂಗುಮಣೆಯ ಮೇಲೆ ಕೂರಿಸಿಕೊಂಡು ಮಾವಿನಹಣ್ಣು ಕೊಟ್ಟದ್ದು ಈಗಲೂ ನಾಲಿಗೆಯಲ್ಲಿದೆ. ಕೆಟ್ಟವರಾಗಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ತಡೆಯುತ್ತೇನೆ. ಬರೆಯುತ್ತಿರುವವಳು ನೀರು ಹೊತ್ತವಳಲ್ಲ.

ಕಾಗದ ಓದುವ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಮನಸ್ಸು ತಂಪಾಗುತ್ತದೆ. ಮಸ್ಕಿಯ ಸಂತೆಗೆ ಹೋದ ವಾಡೆಯ ಆಳು ಟಪಾಲು ತಂದ ಮರುದಿನ, ಊಟದ ಹೊತ್ತು ಇಳಿದ ಮೇಲೆ, ಜನ ವಾಡೆಯ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಕಾಗದ ಬಂದವರು, ಬಾರದವರು ಎಲ್ಲರೂ. ಅಜ್ಜ ತೊಳೆದ ಧೋತರ ಉಟ್ಟು, ಕನ್ನಡಕವನ್ನು ಅದರ ಚುಂಗಿನಿಂದ ಒರೆಸಿ, ಕಾಗದವನ್ನು ಕಣ್ಣಿಗೊತ್ತಿಕೊಂಡು ಓದಲು ತೊಡಗುವರು. ಅವರ ದನಿ ಎಂಥದ್ದು! ಯಾವನೋ ದಂಡಿನಲ್ಲಿರುವ ಮಗ ನಾಲ್ಕು ಸಾಲು ಗೀಚಿದ್ದನ್ನು ಅವರು ಓದಿದರೆ ಪುರಾಣ ಕೇಳಿದಂತಾಗುತ್ತಿತ್ತು. ಒಬ್ಬರ ಸುದ್ದಿಗೆ ಎಲ್ಲರೂ ಅಳುವರು, ಎಲ್ಲರೂ ನಗುವರು. ಒಂಟಿಯಾಗಿ ಅಳುವುದನ್ನು ನಾನು ಕಲಿತದ್ದು ಬಹಳ ವರ್ಷಗಳ ನಂತರ, ಊರು ಬಿಟ್ಟ ಮೇಲೆ.

ಅಕ್ಕನಿಗೆ ಕಾಗದ ಬಂದ ದಿನ ಒಂದಿಷ್ಟು ಕುಚೋದ್ಯ ಇದ್ದೇ ಇರುತ್ತಿತ್ತು.

“ಅಜ್ಜಾರ, ಸೊಲ್ಲಾಪುರದ್ದು ಮೊದ್ಲ ಓದ್ರಿ. ಆಕಿ ಕೊಡ ಇಳಿಸಿ ಎಷ್ಟೊತ್ತಾತು” ಎನ್ನುವರು ಒಬ್ಬರು.

“ಗಿರಣ್ಯಾಗ ನೂಲು ತಗ್ಯಾಕತ್ತಾನೋ, ಮೀಸಿ ತಿರುವಾಕತ್ತಾನೋ ನೋಡೂಣು” ಎನ್ನುವರು ಇನ್ನೊಬ್ಬರು.

ಅಕ್ಕ ತಲೆಯೆತ್ತದೆ ಹೇಳುವಳು: “ಮೀಸಿ ಇದ್ದವ್ರು ಊರಾಗೂ ಭಾಳ ಮಂದಿ ಅದಾರ್ರಿ. ಒಂದು ಕೊಡ ಎತ್ತಿ ಹೊರ್ಸಾಕ ಒಬ್ರೂ ಬರಂಗಿಲ್ಲ.”

ಜನ ನಗುವರು. ಅಜ್ಜ ಓದುವರು: “ಚಿರಂಜೀವಿ ಸೌಭಾಗ್ಯವತಿಗೆ ಅನೇಕ ಆಶೀರ್ವಾದಗಳು. ಇಲ್ಲಿ ನಾನು ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯುವುದು. ಧಣಿಗಳಿಗೆ ಶರಣು. ಮಳೆ ಹೇಗೆ, ಬೆಳೆ ಹೇಗೆ?”

“ಅಷ್ಟರೀ?”

“ಅಷ್ಟವಾ.”

ಅವಳ ಪರವಾಗಿ ಉತ್ತರ ಬರೆಯುತ್ತಿದ್ದವರೂ ಅಜ್ಜನೇ. “ಯಾವಾಗ ಕರೀತಿ ಅಂತ ಕೇಳ್ರಿ” ಎಂದು ಅವಳು ಹೇಳುವಳು. ಅಜ್ಜ ತಲೆಯಾಡಿಸಿ ಬರೆಯುವರು. ಏನು ಬರೆದರೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಮೂರು ವರ್ಷದಲ್ಲಿ ಏಳೋ ಎಂಟೋ ಕಾಗದ ಬಂದಿದ್ದವು. ನಾನು ಸಿಂಧನೂರಿನ ಮಾವನ ಮನೆಯಲ್ಲಿ ಒಂದು ವರ್ಷವಿದ್ದು ಯುಗಾದಿಗೆ ಊರಿಗೆ ಬಂದಾಗ ಅಕ್ಕನ ಬಗ್ಗೆ ಊರು ಬೇರೆಯೇ ಮಾತಾಡುತ್ತಿತ್ತು. ಗಂಡ ಅಲ್ಲೇ ಇನ್ನೊಬ್ಬಳನ್ನು ಮಾಡಿಕೊಂಡಿದ್ದಾನೆ, ಇಲ್ಲದಿದ್ದರೆ ಇಷ್ಟು ದಿನ ಕರೆಸಿಕೊಳ್ಳದೆ ಇರುತ್ತಿದ್ದನೇ ಎಂದು. ಗಂಡ ಬಿಟ್ಟುಹೋದವಳಿಗೆ ಎರಡನೆಯ ಮದುವೆ ಮಾಡುವ ಉಡಿಕೆಯ ಪದ್ಧತಿ ಅವರ ಕುಲದಲ್ಲಿತ್ತು. ಅವನ ದಾಯಾದಿಯೊಬ್ಬ, ಹೆಂಡತಿ ಸತ್ತವನು, ಮುದಗಲ್ಲಿನ ಕಡೆ ಇದ್ದ. ಅವನನ್ನು ಕರೆಸಿ ಅಕ್ಕನಿಗೆ ಉಡಿಕೆ ಮಾಡಿಸಿದರೆ ಅವಳಿಗೂ ಒಂದು ಆಸರೆ, ವಾಡೆಯ ನೀರಿಗೂ ಒಂದು ಗಂಡಾಳು. ಕಾರಹುಣ್ಣಿಮೆಗೆ ಮುಂಚೆ ಕುಲದ ಹಿರಿಯರು ವಾಡೆಯಲ್ಲಿ ಕೂತು ತೀರ್ಮಾನಿಸುವುದೆಂದು ಆಗಿತ್ತು.

ನಾನು ಬಂದ ಎರಡನೆಯ ದಿನವೋ ಮೂರನೆಯ ದಿನವೋ ಅಕ್ಕ ಹಿತ್ತಲಲ್ಲಿ ನನ್ನ ಕೈ ಹಿಡಿದುಕೊಂಡಳು.

“ಸಿಂಧನೂರಾಗ ಓದಾಕ ಕಲ್ತಿಯಂತಲ್ಲ, ಖರೇನ?”

“ಮದ್ಲ ಅಜ್ಜ ಉಸುಕಿನಾಗ ತಿದ್ದಿಸಿದ್ದರು. ಅಲ್ಲಿ ಹೋದ ಮ್ಯಾಲ ಪುಸ್ತಕ ಓದಿದೆ.”

“ಹಂಗಾದ್ರ ಒಂದು ಮಾತು ಹೇಳು. ಕಾಗದದ ಮೂಲಿಗೆ ಅರಿಷಿಣ ಯಾವಾಗ ಹಚ್ತಾರ?”

ಇದು ಊರಿಗೇ ಗೊತ್ತಿದ್ದ ವಿಷಯ. ಸಾವಿನ ಕಾಗದದ ಮೂಲೆ ಹರಿದಿರುತ್ತದೆ, ಅದನ್ನು ಹೊಸ್ತಿಲ ಹೊರಗೇ ಓದಿ ಹರಿದು ಹಾಕುತ್ತಾರೆ. ಅದು ತಂತಿಗೂ ಹೋಗುವುದಿಲ್ಲ. ಅರಿಶಿಣ ಹಚ್ಚುವುದು ಕರೆಯೋಲೆಗೆ. ಮದುವೆಗೆ, ತೊಟ್ಟಿಲಿಗೆ, ಮನೆ ತುಂಬಿಸಿಕೊಳ್ಳುವುದಕ್ಕೆ.

“ನಾಕು ಕಾಗದಕ್ಕ ನಾಕೂ ಮೂಲಿಗೆ ಅರಿಷಿಣ ಹಚ್ಯಾನ” ಎಂದಳು ಅಕ್ಕ. “ನಾ ದಿನಾ ತಂತಿ ಕೆಳಗ ಮೂರು ಸಲ ಅಡ್ಡಾಡ್ತೀನಿ. ನನ್ನ ಕಣ್ಣು ಕುರುಡಾಗ್ಯಾವನು? ಮಳಿ ಹೆಂಗ ಬೆಳಿ ಹೆಂಗ ಅಂತ ಕೇಳಾಕ ಯಾವನರ ಅರಿಷಿಣ ಹಚ್ತಾನನ ಬೇ?”

“ಅಜ್ಜನ್ನ ಕೇಳಬೇಕಿತ್ತು.”

“ಕೇಳ್ದೆ. ಶಾಸ್ತ್ರಕ್ಕ ಹಚ್ಚಿರ್ತಾನ ಅಂದ್ರು. ನೀ ಒಂದ್ಸಲ ನೋಡಿ ಓದಿ ಹೇಳು.”

ಇಲ್ಲಿ ನಾನು ನಿಲ್ಲಬೇಕು. ಅಕ್ಕನಿಗೆ ನಾನು ಅಕ್ಷರ ಕಲಿಸಿದೆ ಎಂಬುದನ್ನು ಹಲವು ಸಭೆಗಳಲ್ಲಿ ಹೇಳಿಕೊಂಡಿದ್ದೇನೆ, ಚಪ್ಪಾಳೆಯನ್ನೂ ಪಡೆದಿದ್ದೇನೆ. ಆದರೆ ಅವಳು ಮೊದಲು ಕೇಳಿದ್ದು ಕಲಿಸು ಎಂದಲ್ಲ, ಓದಿ ಹೇಳು ಎಂದು. ಯಾರೂ ಇಲ್ಲದ ಹೊತ್ತಿನಲ್ಲಿ ಪಡಸಾಲೆಗೆ ಹೋಗಿ ನೋಡಿ ಬರುವುದು ನನಗೆ ಅಸಾಧ್ಯವಾಗಿರಲಿಲ್ಲ. ನಾನು ಹೆದರಿದೆ. ವಾಡೆಗಲ್ಲ, ಅಜ್ಜನಿಗೂ ಅಲ್ಲ. ಅಜ್ಜ ಏನೋ ಮಾಡಿದ್ದಾರೆ ಎಂದು ಆಗಲೇ ನನಗೆ ಅನ್ನಿಸಿತ್ತು. ಅದು ನನ್ನ ಬಾಯಿಂದ ಹೊರಬರಬಾರದಿತ್ತು. ಅದಕ್ಕೇ, “ನೀನ ಕಲಿ ಯಕ್ಕಾ, ನಾ ಕಲಿಸ್ತೀನಿ” ಎಂದೆ.

“ಈ ವಯಸ್ಸಿಗ?” ಎಂದು ನಕ್ಕಳು. ಆಮೇಲೆ, “ಆಗ್ಲಿ. ನಂಗ ಎಲ್ಲಾ ಬ್ಯಾಡ. ‘ಬಾ’ ಅಂತ ಹೆಂಗ ಬರೀತಾರ, ಅಷ್ಟ ತೋರ್ಸು. ಅದೊಂದು ಕಾಗದದಾಗ ಇದ್ರ ನಂಗ ಸಾಕು.”

ಅವಳ ಲೆಕ್ಕ ಸರಿಯಾಗಿಯೇ ಇತ್ತು. ಮಧ್ಯಾಹ್ನ ಬಾವಿಯ ಹತ್ತಿರ ಯಾರೂ ಇರುತ್ತಿರಲಿಲ್ಲ. ಬಾವಿಯ ಪಕ್ಕದ ಕರಿ ಬಂಡೆಯ ಮೇಲೆ ನಾನು ಕೊಡದಲ್ಲಿ ಬೆರಳದ್ದಿ ಬರೆದೆ. ಅವಳು ತಿದ್ದಿದಳು. ಚೈತ್ರದ ಬಿಸಿಲಿಗೆ ಅಕ್ಷರ ತಲೆಯ ಕಡೆಯಿಂದ ಆರುತ್ತ ಬರುತ್ತಿತ್ತು. ಕೊಂಬು ಎಳೆಯುವಷ್ಟರಲ್ಲಿ ತಲೆಕಟ್ಟು ಮಾಯ. “ಏ, ಇದು ನಂಗಿಂತ ಅವಸರದ್ದು” ಎಂದು ಬಂಡೆಯನ್ನೇ ಬೈಯುವಳು. ಯಾರಾದರೂ ಬಂದರೆ ಒಂದು ಬೊಗಸೆ ನೀರು ಚೆಲ್ಲಿದರೆ ಸಾಕು, ಪಾಠಶಾಲೆ ತೊಳೆದುಹೋಗುತ್ತಿತ್ತು.

ಎರಡೇ ದಿನಕ್ಕೆ ಓಡೋಡಿ ಬಂದಳು. ‘ಬಾ’ ಕಂಡಿತ್ತಂತೆ, ಒಂದಲ್ಲ, ಆರು ಕಡೆ! ಕುಣಿಯುವುದೊಂದು ಬಾಕಿ. ನಾನು ತಿಳಿಸಿ ಹೇಳಬೇಕಾಯಿತು: ಅದು ಬೇರೆ ಮಾತಿನ ತಲೆಯೂ ಆಗಿರಬಹುದು, ಬಾವಿಯೂ ಬಾಗಿಲೂ ಅದರಿಂದಲೇ ಶುರು. ಅದೂ ಅಲ್ಲದೆ ತಂತಿಯಲ್ಲಿ ಊರಿನ ಎಲ್ಲರ ಕಾಗದವೂ ಇದ್ದವು. ಅಕ್ಕ ಬಗಲಿನ ಕೊಡವನ್ನು ಬಂಡೆಯ ಮೇಲೆ ಇಳಿಸಿದಳು.

“ಹಂಗಾದ್ರ ಎಲ್ಲಾ ಕಲಿಬೇಕಲ್ಲೇ.”

ಎಲ್ಲ ಕಲಿತಳು. ಯುಗಾದಿಯಿಂದ ಕಾರಹುಣ್ಣಿಮೆಯವರೆಗೆ. ನಾನು ಸಿಂಧನೂರಿನಲ್ಲಿ ಕಂಡದ್ದನ್ನೆಲ್ಲ ಅವಳಿಗೆ ಹೇಳುತ್ತಿದ್ದೆ. ಮಾವನ ಓಣಿಯಲ್ಲಿ ಒಂದು ಮನೆಯ ಜಗುಲಿಯ ಮೇಲೆ ಸಂಜೆ ಕನ್ನಡ ಪತ್ರಿಕೆ ಓದುವವರು ಕೂಡುತ್ತಿದ್ದರು. ಸರ್ಕಾರಿ ಶಾಲೆಯಲ್ಲಿ ಉರ್ದು, ಜಗುಲಿಯ ಮೇಲೆ ಕನ್ನಡ. ಒಂದು ದಿನ ಆ ಮನೆಯ ಸೊಸೆ ಒಳಗಿನಿಂದಲೇ, “ಆ ಸಾಲು ಇನ್ನೊಮ್ಮೆ ಓದ್ರಿ, ನೀವು ಬಿಟ್ಟು ಓದಿದ್ರಿ” ಎಂದಿದ್ದಳು. ಅವಳ ಕೈಯಲ್ಲೂ ಅದೇ ಪತ್ರಿಕೆಯ ಇನ್ನೊಂದು ಪ್ರತಿ ಇತ್ತು. ಈ ಕತೆಯನ್ನು ಅಕ್ಕ ನನ್ನಿಂದ ಎಷ್ಟು ಸಲ ಹೇಳಿಸಿದಳೋ! “ಏನಂದಳಂತ? ಬಿಟ್ಟು ಓದಿದ್ರಿ ಅಂದಳಾ? ಗಂಡಸರ ಮುಂದ?”

ಆ ಸೊಸೆ ನಿಜವಾಗಿ ಹಾಗೆ ಅಂದಳೇ ಎಂದು ನನಗೆ ಈಗ ಅನುಮಾನ. ದಿನಚರಿಯಲ್ಲಿ ‘ಅವರ ಮನೆಯಲ್ಲಿ ಹೆಂಗಸರೂ ಪತ್ರಿಕೆ ನೋಡುತ್ತಾರೆ’ ಎಂದಷ್ಟೇ ಇದೆ. ಅಕ್ಕನಿಗೆ ಹೇಳುವಾಗ ಸೇರಿಸಿದೆನೋ ಏನೋ.

ಹಿರಿಯರು ಕೂಡಿದ ದಿನ ಮೋಡವಿತ್ತು. ಇದು ದಿನಚರಿಯಲ್ಲಿದೆ. ಧಣಿ ತೂಗುಮಣೆಯ ಮೇಲೆ, ಅಜ್ಜ ಕಂಬಕ್ಕೊರಗಿ, ಕುಲದ ನಾಲ್ವರು ಹಿರಿಯರು ಜಮಖಾನೆಯ ಮೇಲೆ. ಮೆಟ್ಟಿಲ ಮೇಲೆ ಊರು. ನಾನು ಅಜ್ಜನ ಹಿಂದಿನ ಕಿಟಕಿಯ ಹತ್ತಿರ ಅಮ್ಮನ ಸೆರಗು ಹಿಡಿದು ನಿಂತಿದ್ದೆ. ಅಕ್ಕ ಮಧ್ಯಾಹ್ನದ ನೀರು ಹಾಕಿ ಮುಗಿಸಿ, ಸಿಂಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು.

ಧಣಿ ಮೆತ್ತಗೆ ಕೇಳಿದರು: “ಏನವಾ, ಮೂರು ವರ್ಷ ಆತು. ಗಂಡ ಬಂದಿಲ್ಲ, ಕರ್ದಿಲ್ಲ. ನಿನ್ನ ಹಿರ್ಯಾರು ನಿನ್ನ ಚಲೋದಕ್ಕ ಒಂದು ಮಾತು ಆಡ್ಯಾರ. ನೀ ಏನಂತಿ?”

“ಕರ್ದಾನೋ ಇಲ್ಲೋ ಕಾಗದ ಹೇಳ್ಬೇಕ್ರಿ ಧಣೇರ. ನನ್ನ ಕಾಗದ ನಂಗ ಕೊಡ್ರಿ.”

“ಕಾಗದ ತಗೊಂಡು ಏನ್ ಮಾಡ್ತಿ?” ಎಂದರು ಹಿರಿಯರಲ್ಲೊಬ್ಬರು. “ಒಲಿ ಹಚ್ತೀಯೇನು?”

ಜನ ನಕ್ಕರು. ಅಕ್ಕನೂ ಸ್ವಲ್ಪ ನಕ್ಕಳೆಂದು ನನ್ನ ನೆನಪು.

“ಓದ್ತೀನ್ರಿ.”

ಈ ಸಲದ ನಗು ಬೇರೆ ಬಗೆಯದು, ಅರ್ಧಕ್ಕೇ ನಿಂತಿತು. ಧಣಿ ಮಾತ್ರ ನಗುತ್ತಲೇ ಇದ್ದರು. “ಓದಾಕ ಅಜ್ಜಾರು ಅದಾರಲ್ಲ! ಅಜ್ಜಾರ, ತಗೀರಿ. ಈಕಿ ಸಮಾಧಾನಕ್ಕ ಎಲ್ಲಾ ಇನ್ನೊಮ್ಮೆ ಓದಿಬಿಡ್ರಿ.”

ಅಜ್ಜ ಎದ್ದರು. ತಂತಿಯನ್ನು ತೊಲೆಯಿಂದ ಇಳಿಸಿದರು. ಕೆಳಗಿನ ಕಾಗದ ತೆಗೆಯಬೇಕಾದರೆ ಮೇಲಿನವನ್ನೆಲ್ಲ ಬಿಚ್ಚಬೇಕು. ಒಂದೊಂದಾಗಿ ಕಳಚಿ ನೆಲದ ಮೇಲಿಡುತ್ತ ಹೋದರು. ಅಕ್ಕನ ಕಾಗದ ಬಂದಾಗ ಮಾತ್ರ ಎಡಗೈಗೆ. ಹುಡುಕಲಿಲ್ಲ, ಹೆಸರು ನೋಡಲಿಲ್ಲ. ಯಾವುದು ಎಲ್ಲಿದೆ ಎಂದು ಅವರ ಬೆರಳಿಗೆ ಗೊತ್ತಿತ್ತು. ನನಗೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿರುವುದು ಇದೇ, ಆ ಬೆರಳು.

ಕನ್ನಡಕ ಹಾಕಿಕೊಂಡರು. ಮೇಲಿನ ಕಾಗದವನ್ನು ಕಣ್ಣಿಗೊತ್ತಿಕೊಂಡರು. ಬಾಯಿ ತೆರೆದರು. ‘ಚಿರಂಜೀವಿ ಸೌಭಾಗ್ಯವತಿಗೆ’ ಎಂಬ ಆ ದನಿಗಾಗಿ ನಾನು ಕಾದೆ. ಅದು ಬರಲೆಂದು ಬೇಡಿಕೊಂಡೆ, ಬಾರದಿರಲೆಂದೂ ಬೇಡಿಕೊಂಡೆ. ಅಜ್ಜ ಕನ್ನಡಕ ತೆಗೆದರು.

“ಆಕೀದು ಕಾಗದ. ಆಕೀನ ಓದ್ಲಿ” ಎಂದು ಎಲ್ಲವನ್ನೂ ಅಕ್ಕನ ಮುಂದೆ ಹಿಡಿದರು.

ಹಿಡಿದರು ಎಂದು ನನ್ನ ನೆನಪು. ಅಮ್ಮ ಕೊನೆಯವರೆಗೂ ‘ಒಗೆದರು’ ಎನ್ನುತ್ತಿದ್ದಳು. ಇಬ್ಬರೂ ಒಂದೇ ಕಿಟಕಿಯಿಂದ ನೋಡಿದ್ದೆವು.

ಅಕ್ಕ ಮೊದಲು ಅರಿಶಿಣ ಹಚ್ಚಿದ ಒಂದು ಕಾಗದವನ್ನು ಆರಿಸಿಕೊಂಡಳು. ಅದರ ಅಕ್ಷರಗಳು ದೊಡ್ಡವು, ಸೊಟ್ಟಗಿದ್ದವು. ಹೊಸದಾಗಿ ಕಲಿತವರ ಕೈ. ಬೇರೆಯವರಿಂದ ಬರೆಸುವುದನ್ನು ಬಿಟ್ಟು ಗಂಡನೇ ಬರೆದಿದ್ದ. ಅವಳು ಒಂದೊಂದೇ ಅಕ್ಷರವನ್ನು ಕೂಡಿಸುತ್ತ ಓದಿದಳು. ಅಜ್ಜನ ದನಿಯ ಹತ್ತರಲ್ಲೊಂದು ಪಾಲೂ ಚೆಂದವಿರಲಿಲ್ಲ. ಕೆಮ್ಮುವವರು ಕೆಮ್ಮು ತಡೆದುಕೊಂಡರು.

“ನೀ... ನು... ಬಾ. ಗಿರಣಿ ಹತ್ತಿರ ಖೋಲಿ ಹಿಡಿದೀನಿ. ಓಣಿಯಾಗ ನಳ ಐತಿ. ತಿರುವಿದರ ನೀರು ಬರತೈತಿ. ನೀನು ನೀರು ಹೊರೂದು ಇನ್ನ ಸಾಕು. ರಾಯಚೂರಿಗೆ ಬಂದರ ರೈಲು ಐತಿ. ಬಾ.”

ಎರಡನೆಯದರಲ್ಲೂ ‘ಬಾ’. ಮೂರನೆಯದರಲ್ಲೂ, ನಾಲ್ಕನೆಯದರಲ್ಲೂ. ಸಂಕ್ರಾಂತಿಯ ಹೊತ್ತಿಗೆ ಬಂದಿದ್ದ ಕೊನೆಯದಕ್ಕೆ ಅರಿಶಿಣ ಇರಲಿಲ್ಲ: “ಎಷ್ಟು ಸಲ ಕರೆದರೂ ಬರಲಿಲ್ಲ. ನಿನಗ ಮನಸಿಲ್ಲ ಅಂತ ತಿಳಕೋತೀನಿ. ಇನ್ನ ಕರೆಯೂದಿಲ್ಲ.”

ಅದನ್ನು ಅವಳು ಎರಡು ಸಲ ಓದಿದಳು. ಎರಡನೆಯ ಸಲ ಮನಸ್ಸಿನಲ್ಲೇ. ನಮ್ಮೂರಿನಲ್ಲಿ ಒಬ್ಬರು ಬಾಯಿ ಬಿಡದೆ ಕಾಗದ ಓದಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅವಳ ತುಟಿ ಅಲುಗುತ್ತಿತ್ತು, ನಮಗೆ ಏನೂ ಕೇಳುತ್ತಿರಲಿಲ್ಲ. ಇಡೀ ಊರು ಅವಳ ಎದುರಿಗಿತ್ತು, ಆದರೆ ಆ ಕಾಗದದೊಳಗೆ ಅವಳೊಬ್ಬಳೇ ಇದ್ದಳು.

“ನಳ ಅಂದ್ರೇನ್ರೀ?” ಎಂದು ಯಾರೋ ಪಿಸುಗುಟ್ಟಿದರು.

ಧಣಿ ಎದ್ದು ಒಳಗೆ ಹೋದರು. ತೂಗುಮಣೆ ಇನ್ನೂ ಸ್ವಲ್ಪ ಹೊತ್ತು ಆಡುತ್ತಿತ್ತು. ನೆಲದ ಮೇಲೆ ಊರಿನವರ ಕಾಗದಗಳು ಹರಡಿಕೊಂಡಿದ್ದವು. ಜನ ಸುತ್ತ ನಿಂತು ನೋಡಿದರು. ತಮ್ಮದು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಮಗನನ್ನು ದಂಡಿಗೆ ಕಳಿಸಿದ ಮುದುಕಿಯೊಬ್ಬಳು ಒಂದನ್ನು ಎತ್ತಿಕೊಂಡು ಕಿಟಕಿಗೆ ಬಂದು, “ಇದು ನಂದೇನು ನೋಡ ಬೇ” ಎಂದು ನನ್ನ ಮುಖಕ್ಕೆ ಹಿಡಿದಳು. ಅವಳದಲ್ಲ. ಇನ್ನೊಂದು ತಂದಳು.

ಆ ಸಂಜೆಯೂ ಅಕ್ಕ ವಾಡೆಗೆ ನೀರು ಹೊತ್ತಳು. ಯಾಕೆಂದು ನಾನು ಎಂದೂ ಕೇಳಲಿಲ್ಲ. ದಿನಚರಿಯಲ್ಲಿ ಆ ದಿನಕ್ಕೆ ನಾನು ಬರೆದದ್ದು ಇಷ್ಟೇ: ‘ಮೋಡ. ಅಜ್ಜ ಊಟ ಮಾಡಲಿಲ್ಲ.’

ಮೂರನೆಯ ದಿನ ಅವಳು ಹೊರಟಳು. ಗಂಡ ಇಟ್ಟುಕೊಳ್ಳುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. “ಹೋಗಿ ಬಾಗ್ಲಾಗ ನಿಂದಿರ್ತೀನಿ. ನಾ ಬಂದೀನಿ ಅನ್ನೂದರ ತಿಳಿಲಿ” ಎಂದಳು. ಲಿಂಗಸುಗೂರಿನ ತನಕ ಬಂಡಿ, ಅಲ್ಲಿಂದ ರಾಯಚೂರಿಗೆ ಇದ್ದಿಲು ಉರಿಸಿ ಓಡಿಸುವ ಬಸ್ಸು. ಬಸ್ಸಿನ ಬೆನ್ನಿಗೆ ಕಟ್ಟಿದ ಒಲೆ, ಅದರ ಹೊಗೆ, ಕಿಟಕಿಯಲ್ಲಿ ಅಕ್ಕನ ಕೈ, ಇದೆಲ್ಲ ನನಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದರೆ ಚಿತ್ರ ಬರೆದು ತೋರಿಸಬಲ್ಲೆ. ಆದರೆ ದಿನಚರಿ ಹೇಳುತ್ತದೆ: ‘ಜ್ವರ. ಗಂಜಿ.’ ನಾನು ಹೋಗಿಯೇ ಇರಲಿಲ್ಲ. ಬಂಡಿ ಹೊಡೆದವನು ಬಂದು ಹೇಳಿದ್ದನ್ನು ಹಾಸಿಗೆಯಲ್ಲಿ ಮಲಗಿ ಕೇಳಿ, ನಾನೇ ಕಂಡಂತೆ ಇಟ್ಟುಕೊಂಡಿದ್ದೇನೆ.

ವಾಡೆಗೆ ಆಮೇಲೆ ಬಂಡಿಯಲ್ಲಿ ಪೀಪಾಯಿ ಇಟ್ಟು ನೀರು ತಂದರು. ಎರಡು ವರ್ಷದೊಳಗೆ ನಿಜಾಮರ ಆಡಳಿತವೇ ಹೋಯಿತು, ಆಮೇಲೆ ಉಂಬಳಿಗಳೂ ಹೋದವು. ಅದನ್ನೆಲ್ಲ ಪುಸ್ತಕಗಳಲ್ಲಿ ಬರೆದಿದ್ದಾರೆ. ಪುಸ್ತಕಗಳಲ್ಲಿ ಇಲ್ಲದ್ದು ಎಂದರೆ, ಆ ಮಳೆಗಾಲ ನಮ್ಮ ಜಗುಲಿಗೆ ಆರು ಜನ ಹೆಂಗಸರು ಅಕ್ಷರ ಕಲಿಯಲು ಬಂದದ್ದು. ಅಜ್ಜನೇ ಉಸುಕು ಹರಡಿ ಕೊಡುತ್ತಿದ್ದರು. ವಾಡೆಯ ಮೆಟ್ಟಿಲ ಮೇಲಿನ ಮಧ್ಯಾಹ್ನಗಳು ನಿಂತವು. ತಂತಿ ಮತ್ತೆ ತೊಲೆ ಏರಲಿಲ್ಲ. ಯಾರ ಮನೆಗೆ ಯಾವ ಸುದ್ದಿ ಬಂತೆಂದು ಯಾರಿಗೂ ಗೊತ್ತಾಗದ ದಿನಗಳು ಬಂದವು. ಆ ಮೆಟ್ಟಿಲು, ಆ ದನಿ, ಒಬ್ಬರ ಅಳುವಿಗೆ ಹತ್ತು ಜನರ ಸೆರಗು, ಇವನ್ನೆಲ್ಲ ನೆನೆದು ನಾನು ಹಂಬಲಿಸುತ್ತೇನೆ. ಹಂಬಲಿಸಿದ ಮರುಕ್ಷಣ ಒಂದು ದೊಡ್ಡ ಸೊಟ್ಟ ‘ಬಾ’ ಕಣ್ಣ ಮುಂದೆ ಬರುತ್ತದೆ. ಎರಡೂ ನಿಜ. ಒಂದನ್ನು ಇಟ್ಟುಕೊಂಡು ಒಂದನ್ನು ಬಿಡುವುದು ನನಗಿನ್ನೂ ಆಗಿಲ್ಲ.

ದಸರೆಯ ಹೊತ್ತಿಗೆ ಸೊಲ್ಲಾಪುರದಿಂದ ಕಾಗದ ಬಂತು, ನನ್ನ ಹೆಸರಿಗೆ. ವಾಡೆಯ ಆಳು ಅಭ್ಯಾಸದಂತೆ ಅದನ್ನು ಅ‌ಜ್ಜನ ಕೈಗೆ ಕೊಟ್ಟಿದ್ದ. ಅಂಟಿಸಿದ ಲಕೋಟೆ, ಮೂಲೆಗೆ ಅರಿಶಿಣ. ಅಜ್ಜ ಅದನ್ನು ಒಡೆಯದೆ ಮನೆಗೆ ತಂದು ನನ್ನ ಮುಂದಿಟ್ಟು, ಜಗುಲಿಯ ಮೇಲೆ ಕೂತರು.

“ಓದು, ಕೇಳ್ತೀನಿ” ಎಂದರು.

ಓದಿದೆ. ಅಕ್ಕ ತಾನೇ ಬರೆದಿದ್ದಳು. ಗಂಡ ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ ಇವಳು ಅವನಿಗೆ ಅವನ ಕಾಗದಗಳನ್ನೆಲ್ಲ ಓದಿ ತೋರಿಸಿದಳಂತೆ, ಆಮೇಲೆ ಅತ್ತನಂತೆ. ನಳದ ನೀರು ಬೆಳಗ್ಗೆ ಒಂದು ತಾಸು ಮಾತ್ರ ಬರುತ್ತದಂತೆ, ಅದಕ್ಕೂ ಜಗಳವಂತೆ. ಬಾವಿಯ ನೀರಿನ ರುಚಿ ಅದಕ್ಕಿಲ್ಲವಂತೆ. ಅಜ್ಜ ನಗುತ್ತ ಕೇಳುತ್ತಿದ್ದರು. ಕೊನೆಯ ಸಾಲು ಹೀಗಿತ್ತು: ‘ಅಜ್ಜಾರನ್ನ ಒಂದು ಮಾತು ಕೇಳು. ಯಾಕ ಓದಲಿಲ್ಲ? ಅವರಿಗೆ ಯಾರು ಹೇಳಿದ್ದರು?’

ನಾನು ಆ ಸಾಲನ್ನು ಓದಲಿಲ್ಲ. ಕಾಗದ ಮಡಿಸಿದೆ.

“ಅಷ್ಟನ?” ಎಂದರು ಅಜ್ಜ.

“ಅಷ್ಟ.”

ಅವರು ನನ್ನ ಮುಖವನ್ನು ನೋಡಲಿಲ್ಲ. ನನ್ನ ಕೈಯಲ್ಲಿದ್ದ ಕಾಗದವನ್ನು ನೋಡುತ್ತಿದ್ದರು. ಐವತ್ತು ವರ್ಷ ಬೇರೆಯವರ ಕಾಗದ ಓದಿದವರು. ಓದುವವರ ಕಣ್ಣು ಯಾವ ಸಾಲಿನ ಹತ್ತಿರ ನಿಂತು, ಯಾವುದನ್ನು ಹಾರುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಯಾರೂ ಹೇಳಿದ್ದಿಲ್ಲ ಬೇ” ಎಂದರು. “ಓದಬ್ಯಾಡ್ರಿ ಅಂತ ನಂಗ ಯಾರೂ ಹೇಳಿದ್ದಿಲ್ಲ. ಹೇಳೂದು ಬೇಕಾಗಿದ್ದಿಲ್ಲ.”

ಆ ಕೊನೆಯ ಸಾಲನ್ನು ಬಿಡು ಎಂದು ಈಗಷ್ಟೇ ನನಗೂ ಯಾರೂ ಹೇಳಿರಲಿಲ್ಲ. ಅಜ್ಜ ಎದ್ದು ಗೋಡೆ ಹಿಡಿದು ಒಳಗೆ ಹೋಗುವಾಗ ತಿರುಗಿ, “ನಿನ್ನ ಕಾಗದ ಅದು. ನೀನ ಇಟ್ಕೋ” ಎಂದರು. ದಿನಚರಿಯ ಆ ಪುಟದಲ್ಲಿ ಒಂದಕ್ಷರವೂ ಇಲ್ಲ, ಲಕೋಟೆ ಮಾತ್ರ ಇದೆ. ಮೂಲೆಯ ಅರಿಶಿಣ ಎದುರಿನ ಪುಟಕ್ಕೂ ಹತ್ತಿದೆ.